ಮರದ ಸಾಮಾನು ಕೊಳ್ಳುವ ಮುನ್ನ ಮರ ಯಾವುದೆಂದು ತಿಳಿಯಿರಿ

ಚಿನ್ನ ಕೊಳ್ಳುವಾಗ ನಾವು ಹಾಲ್‌ಮಾರ್ಕ್ ನೋಡುತ್ತೇವೆ. ರೇಷ್ಮೆ ಸೀರೆಯ ಜರಿಯನ್ನು ಉಗುರಿನಿಂದ ಕೆರೆದು ನೋಡುತ್ತೇವೆ. ತೊಗರಿಬೇಳೆಯನ್ನು ಅಂಗೈಗೆ ಸುರಿದುಕೊಂಡು ನೋಡದೆ ಚೀಲಕ್ಕೆ ಹಾಕಿಸುವುದಿಲ್ಲ. ಆದರೆ ಮರದ ಸಾಮಾನಿನ ವಿಷಯ ಬಂದಾಗ ಮಾತ್ರ ಅಂಗಡಿಯವರ ಬಾಯಿಮಾತೇ ನಮಗೆ ಪ್ರಮಾಣ. "ಇದು ಅಸಲಿ ಬೀಟೆ ಅಮ್ಮಾ" ಅಂದರೆ ಬೀಟೆ, "ಶ್ರೀಗಂಧ" ಅಂದರೆ ಶ್ರೀಗಂಧ. ಕೇಳಿದಷ್ಟು ದುಡ್ಡು ಕೊಟ್ಟು ಮನೆಗೆ ತರುತ್ತೇವೆ.

ಒಮ್ಮೆ ನಿಮ್ಮ ಮನೆಯೊಳಗೆ ಸುತ್ತಿ ನೋಡಿ. ಲಟ್ಟಣಿಗೆ, ಮಜ್ಜಿಗೆ ಕಡೆಯುವ ಕಡಗೋಲು, ಕುಂಕುಮದ ಭರಣಿ, ಮಗುವಿನ ಗಿಲಕಿ, ಮಕ್ಕಳ ಬುಗುರಿ, ತೊಟ್ಟಿಲಿನ ಗುಂಡು ಕಂಬಿಗಳು, ಹಳೆಯ ಮಂಚದ ಕಾಲುಗಳು, ಪೂಜೆಯ ಜಪಮಣಿ. ದುಂಡಗಿರುವ ಇವುಗಳಲ್ಲಿ ಹೆಚ್ಚಿನವು ಲೇತಿನ ಮೇಲೆ ಕಡೆದು ಮಾಡಿದವು. ಮರದ ತುಂಡು ಗಿರಗಿರನೆ ತಿರುಗುತ್ತಿರುತ್ತದೆ, ಕೆಲಸಗಾರ ಅದಕ್ಕೆ ಉಳಿ ಹಿಡಿದು ಬೇಕಾದ ಆಕಾರಕ್ಕೆ ತರುತ್ತಾನೆ. ಹೀಗೆ ಕಡೆಯಲು ಎಲ್ಲ ಮರವೂ ಒದಗುವುದಿಲ್ಲ. ಕೆಲವು ಸೀಳುತ್ತವೆ, ಕೆಲವು ಜುಂಗು ಏಳುತ್ತವೆ. ಒಳ್ಳೆಯ ಮರಕ್ಕೆ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಇದ್ದಲ್ಲಿ ನಕಲಿಯೂ ಇದ್ದೇ ಇರುತ್ತದೆ.

ಮರ ಗುರುತಿಸುವುದು ಬಡಗಿಯ ಕೆಲಸ, ನಮಗೇಕೆ ಅನ್ನಬೇಡಿ. ಅಕ್ಕಿ ನೋಡಿ ಹೊಸದೋ ಹಳೆಯದೋ ಹೇಳುವ ನಮ್ಮ ಕಣ್ಣಿಗೆ ಇದೇನೂ ಕಷ್ಟವಲ್ಲ. ಒಂದು ಮಾತು ಮಾತ್ರ ಮೊದಲೇ ನೆನಪಿಡಿ: ಬಣ್ಣ ನೋಡಿ ಮರದ ಹೆಸರು ಹೇಳಬೇಡಿ. ನಕಲಿ ಮಾಡುವವರಿಗೆ ಎಲ್ಲಕ್ಕಿಂತ ಸುಲಭವಾಗಿ ತರಲು ಬರುವುದು ಬಣ್ಣವೇ.

ನೋಡುವ ಕ್ರಮ

ಮೊದಲು ಸಾಮಾನನ್ನು ಬೋರಲು ಹಾಕಿ. ಪಾಲಿಶ್ ಹತ್ತದ ಜಾಗ ಬುಡದಲ್ಲೋ ಮುಚ್ಚಳದ ಒಳಗೋ ಇರುತ್ತದೆ. ಅಲ್ಲಿಯ ಬಣ್ಣವೇ ಮರದ ನಿಜವಾದ ಬಣ್ಣ. ಮೇಲೆ ಕಪ್ಪು ಕಂದು, ಬುಡದಲ್ಲಿ ಬಿಳಿಚು ಎಂದಾದರೆ ಬಣ್ಣ ಬಳಿದಿದ್ದಾರೆ ಎಂದು ತಿಳಿಯಿರಿ.

ಎರಡನೆಯದು ಅಡ್ಡಮುಖ. ಬಾಳೆದಿಂಡನ್ನು ಅಡ್ಡಲಾಗಿ ಕೊಯ್ದಾಗ ಕಾಣುವ ಹಾಗೆ, ಮರವನ್ನು ಅಡ್ಡ ಕೊಯ್ದಾಗ ಕಾಣುವ ಮುಖ ಅದು. ಲಟ್ಟಣಿಗೆಯಲ್ಲಾದರೆ ಎರಡು ತುದಿಗಳಲ್ಲಿ ಸಿಗುತ್ತದೆ. ಹಲಗೆಯಿಂದ ಕಡೆದ ಬಟ್ಟಲಾದರೆ ಅಂಚಿನಲ್ಲಿ ಎದುರುಬದುರಾಗಿ ಎರಡು ಕಡೆ ಸಿಗುತ್ತದೆ. ಆ ಜಾಗಕ್ಕೆ ಬೆರಳಿನಿಂದ ಒಂದು ಹನಿ ನೀರು ಸವರಿ, ಮನೆಯಲ್ಲಿ ಓದಲು ಇಟ್ಟಿರುವ ಭೂತಗನ್ನಡಿ ಹಿಡಿದು ನೋಡಿ. ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಮರ ಬದುಕಿದ್ದಾಗ ಬೇರಿನಿಂದ ನೀರು ಏರುತ್ತಿದ್ದ ನಾಳಗಳವು. ರಂಧ್ರ ಎಷ್ಟು ದೊಡ್ಡದು, ಸಾಲಾಗಿ ಇವೆಯೋ ಚೆಲ್ಲಾಪಿಲ್ಲಿಯಾಗಿವೆಯೋ ಎಂಬುದು ಒಂದೊಂದು ಮರದಲ್ಲಿ ಒಂದೊಂದು ರೀತಿ. ಬಣ್ಣ ಬಳಿದು ಇದನ್ನು ಬದಲಾಯಿಸಲು ಯಾರಿಂದಲೂ ಆಗದು.

ಮೂರನೆಯದು ತೂಕ. ಒಂದೇ ಅಳತೆಯ ಎರಡು ಲಟ್ಟಣಿಗೆಗಳನ್ನು ಎರಡು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ನಾಲ್ಕನೆಯದು ವಾಸನೆ. ಕಾಣದ ಜಾಗದಲ್ಲಿ ಉಪ್ಪುಕಾಗದದಿಂದ ಒಂದೆರಡು ಸಲ ಉಜ್ಜಿ ಮೂಸಿ ನೋಡಿ. ಹಳೆಯ ಮರವೂ ಉಜ್ಜಿದಾಗ ತನ್ನ ವಾಸನೆಯನ್ನು ಬಿಟ್ಟುಕೊಡುತ್ತದೆ.

ಇನ್ನು ಒಂದೊಂದಾಗಿ ಮರಗಳನ್ನು ನೋಡೋಣ.

ಬೀಟೆ ಮತ್ತು ಅದರ ತಂಗಿ

ಬೀಟೆಯ ಬಣ್ಣ ಬರೀ ಕಂದು ಅಲ್ಲ. ನೇರಳೆ ಹಣ್ಣಿನ ಛಾಯೆ ಬೆರೆತ ಕಂದು, ಅದರ ಮೇಲೆ ಕಪ್ಪು ಗೆರೆಗಳು. ಅಡ್ಡಮುಖದ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ, ಅಲ್ಲಲ್ಲಿ ಚದುರಿರುತ್ತವೆ. ಕೈಗೆ ಭಾರ. ಉಜ್ಜಿದರೆ ಸಣ್ಣಗೆ ಸಿಹಿಯಾದ ಪರಿಮಳ. ಇಂಗ್ಲಿಷಿನಲ್ಲಿ ರೋಸ್‌ವುಡ್ ಎಂಬ ಹೆಸರು ಬಂದದ್ದೂ ಈ ಪರಿಮಳದಿಂದಲೇ, ಗುಲಾಬಿ ಬಣ್ಣದಿಂದಲ್ಲ.

ಉತ್ತರ ಭಾರತದಿಂದ ಬರುವ ಚಪಾತಿ ಮಣೆ, ಲಟ್ಟಣಿಗೆ, ಮಸಾಲೆ ಡಬ್ಬಿಗಳನ್ನು ಎಷ್ಟೋ ಕಡೆ ರೋಸ್‌ವುಡ್ ಎಂದೇ ಮಾರುತ್ತಾರೆ. ಇವುಗಳಲ್ಲಿ ಬಹಳಷ್ಟು ಶೀಶಮ್ ಮರದವು. ಉತ್ತರ ಪ್ರದೇಶದ ಸಹಾರನ್‌ಪುರ ಈ ಕೆಲಸಕ್ಕೆ ಹೆಸರಾದ ಊರು. ಶೀಶಮ್ ಬೀಟೆಯದೇ ಕುಲ, ತಂಗಿ ಎನ್ನಿ. ಗಟ್ಟಿ ಮರ, ಬಾಳಿಕೆಯೂ ಚೆನ್ನಾಗಿದೆ, ಅಡುಗೆಮನೆಗೆ ಧಾರಾಳವಾಗಿ ಕೊಳ್ಳಬಹುದು. ಆದರೆ ಅದರ ಕಂದು ಹೊಂಬಣ್ಣಕ್ಕೆ ತಿರುಗಿದ ಕಂದು, ನೇರಳೆ ಛಾಯೆ ಇರುವುದಿಲ್ಲ. ತಂಗಿಯನ್ನು ತೋರಿಸಿ ಅಕ್ಕನ ಬೆಲೆ ಕೇಳಿದರೆ ಕೊಡಬೇಡಿ, ಅಷ್ಟೆ.

ಬೀಟೆ ಕುಲದ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ ಕಟ್ಟುಪಾಡುಗಳಿವೆ. ವಿದೇಶದಲ್ಲಿರುವ ಮಕ್ಕಳಿಗೆ ದೊಡ್ಡ ಬೀಟೆ ಸಾಮಾನು ಕಳಿಸುವುದಿದ್ದರೆ ಮೊದಲು ನಿಯಮ ವಿಚಾರಿಸಿಕೊಳ್ಳಿ. ಬೀಟೆ ಮರ ನಮ್ಮ ಸ್ವಂತ ತೋಟದಲ್ಲಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಶ್ರೀಗಂಧ

ಹೆಚ್ಚು ಮೋಸ ನಡೆಯುವುದು ಇದರಲ್ಲಿ. ಗಂಧದ ಮರದಲ್ಲಿ ಪರಿಮಳ ಇರುವುದು ಒಳಗಿನ ಚೇಗಿನಲ್ಲಿ ಮಾತ್ರ. ಹೊರಗಿನ ಬಿಳಿ ಭಾಗಕ್ಕೆ ವಾಸನೆಯೇ ಇಲ್ಲ. ಆ ಬಿಳಿ ಭಾಗಕ್ಕೋ, ಯಾವುದೋ ಬೇರೆ ಬಿಳಿ ಮರಕ್ಕೋ ಗಂಧದೆಣ್ಣೆ ಸವರಿ ಮಾಲೆ, ಬೀಸಣಿಗೆ, ಬೊಂಬೆ ಮಾಡಿ ಮಾರುತ್ತಾರೆ. ಅಂಗಡಿಯಲ್ಲಿ ಘಮಘಮ ಅನ್ನುತ್ತದೆ, ಮನೆಗೆ ಬಂದು ನಾಲ್ಕು ವಾರಕ್ಕೆ ಏನೂ ಉಳಿದಿರುವುದಿಲ್ಲ.

ಪರೀಕ್ಷೆ ನಮ್ಮ ದೇವರ ಮನೆಯಲ್ಲೇ ಇದೆ. ಸಾಣೆಕಲ್ಲಿನ ಮೇಲೆ ಒಂದು ಚಮಚ ನೀರು ಹಾಕಿ, ಮಾಲೆಯ ಒಂದು ಮಣಿಯನ್ನು ತೇಯಿರಿ. ಅಸಲಿ ಚೇಗಾದರೆ ತೇದಷ್ಟೂ ಪರಿಮಳ ಏರುತ್ತದೆ, ತೇದ ಗಂಧ ತಿಳಿಹಳದಿಯಾಗಿರುತ್ತದೆ. ಎಣ್ಣೆ ಸವರಿದ್ದಾದರೆ ಮೇಲಿನ ಪದರ ಹೋದ ಕೂಡಲೇ ಪರಿಮಳವೂ ಹೋಗುತ್ತದೆ. ಇನ್ನೊಂದು ಗುರುತು: ಗಂಧದ ರಂಧ್ರಗಳು ತೀರ ಸಣ್ಣವು, ಬರಿಗಣ್ಣಿಗೆ ಕಾಣುವುದಿಲ್ಲ. ಮುಟ್ಟಿದರೆ ಬೆಣ್ಣೆಯಂತೆ ನುಣುಪು. "ಗಂಧದ" ಬೊಂಬೆಯಲ್ಲಿ ಒರಟು ಗೆರೆಗಳು ಕಂಡರೆ ಅನುಮಾನಿಸಿ.

ಬಹಳ ವರ್ಷ ಗಂಧದ ಮರ ಯಾರ ಹಿತ್ತಲಲ್ಲಿ ಬೆಳೆದರೂ ಸರ್ಕಾರದ್ದೇ ಆಗಿತ್ತು. ನಮ್ಮ ರಾಜ್ಯದಲ್ಲಿ 2001ರಲ್ಲಿ ಕಾನೂನು ತಿದ್ದುಪಡಿಯಾಗಿ, ಬೆಳೆದ ಜಮೀನಿನ ಒಡೆಯರಿಗೇ ಮರದ ಹಕ್ಕು ಬಂತು. ಹಾಗಿದ್ದರೂ ಕಡಿಯಲು, ಮಾರಲು ನಿಯಮಗಳಿವೆ. ಬಸ್ ಸ್ಟ್ಯಾಂಡಿನಲ್ಲಿ ಗುಟ್ಟಾಗಿ "ಕಾಡಿನ ಗಂಧ" ಎಂದು ತೋರಿಸುವವರಿಂದ ಕೊಳ್ಳಲೇಬೇಡಿ. ಅದು ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ಕಳ್ಳಮಾಲು. ಸರ್ಕಾರದ ಕಾವೇರಿ ಮಳಿಗೆಯಂಥ ಕಡೆ ರಸೀದಿ ಪಡೆದು ಕೊಳ್ಳುವುದೇ ಕ್ಷೇಮ.

ರಕ್ತಚಂದನ ಮತ್ತು ಕರಿಮರ

ದಸರಾ ಗೊಂಬೆಗಳ ಸಾಲಿನಲ್ಲಿ ಮೇಲೆ ಕೂರುವ ಪಟ್ಟದ ಗೊಂಬೆಗಳನ್ನು ನೆನಪಿಸಿಕೊಳ್ಳಿ. ಮದುವೆಯಲ್ಲಿ ತವರಿನವರು ಕೊಡುವ ಈ ಜೋಡಿಯನ್ನು ಹಿಂದೆ ರಕ್ತಚಂದನದಲ್ಲಿ ಮಾಡುತ್ತಿದ್ದರು. ಹೆಸರಿನಲ್ಲಿ ಚಂದನ ಇದ್ದರೂ ಇದಕ್ಕೆ ಗಂಧದ ಪರಿಮಳ ಇಲ್ಲ. ಇದು ಹೊನ್ನೆಯ ಕುಲದ ಮರ. ಆಂಧ್ರದ ಕಡಪ, ಚಿತ್ತೂರು ಕಡೆಯ ಬೆಟ್ಟಗಳಲ್ಲಿ ಬೆಳೆಯುತ್ತದೆ.

ಗುರುತು ಎರಡು. ಒಂದು, ತೂಕ. ಚೇಗಿನ ಚೂರನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಇನ್ನೊಂದು, ಬಣ್ಣ ಬಿಡುವ ರೀತಿ. ರಕ್ತಚಂದನದ ಕೆಂಪು ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ, ಸ್ಪಿರಿಟ್ಟಿಗೆ ಇಳಿಯುತ್ತದೆ. ನೀರಿಗೆ ಹಾಕಿದ ತಕ್ಷಣ ಓಕುಳಿಯಂತೆ ಕೆಂಪಾದರೆ ಅದು ಬಳಿದ ಬಣ್ಣವೇ ಇರಬೇಕು. ಆಫ್ರಿಕದಿಂದ ಬರುವ ಪಡೌಕ್ ಎಂಬ ಕೆಂಪು ಮರವನ್ನೂ ಜನ ರಕ್ತಚಂದನ ಎಂದು ತಿಳಿಯುವುದುಂಟು. ಅದೂ ಇದೇ ಕುಲದ್ದು, ಒಳ್ಳೆಯ ಮರವೇ. ಆದರೆ ಚೆನ್ನಾಗಿ ಒಣಗಿದ ಪಡೌಕ್ ನೀರಿನಲ್ಲಿ ತೇಲುತ್ತದೆ. ಹೊಸದಾಗಿದ್ದಾಗ ಕಿತ್ತಳೆಗೆಂಪು, ವರ್ಷ ಕಳೆದಂತೆ ಕಂದಾಗುತ್ತದೆ.

ಕರಿಮರ, ಅಂದರೆ ಎಬೊನಿ, ಚೇಗಿನ ತುಂಬ ಕಪ್ಪು. ಅದೂ ನೀರಿನಲ್ಲಿ ಮುಳುಗುತ್ತದೆ. ರಂಧ್ರಗಳು ಕಾಣದಷ್ಟು ಸಣ್ಣವು. ಕಪ್ಪು ಬಳಿದ ಮರವಾದರೆ ಬುಡದಲ್ಲಿ ಬ್ಲೇಡಿನಿಂದ ಕೂದಲೆಳೆಯಷ್ಟು ಕೆರೆದರೂ ಬಿಳಿ ಇಣುಕುತ್ತದೆ.

ನಮ್ಮ ದಿನಬಳಕೆಯ ಮರಗಳು

ತೇಗ, ಅಂದರೆ ಸಾಗುವಾನಿ, ಮುಟ್ಟಿದರೆ ಸ್ವಲ್ಪ ಎಣ್ಣೆ ಎಣ್ಣೆ. ಉಜ್ಜಿದರೆ ಹದ ಮಾಡಿದ ತೊಗಲಿನ ವಾಸನೆ. ಅಡ್ಡಮುಖದಲ್ಲಿ ದೊಡ್ಡ ರಂಧ್ರಗಳು ಬಳೆಯ ಹಾಗೆ ಸುತ್ತ ಸಾಲುಗಟ್ಟಿರುತ್ತವೆ. ಈ ಸಾಲು ಒಮ್ಮೆ ಕಣ್ಣಿಗೆ ಬಿದ್ದರೆ ತೇಗವನ್ನು ಮತ್ತೆ ಮರೆಯುವುದಿಲ್ಲ.

ಹಲಸು ಹೊಸದರಲ್ಲಿ ಅರಿಸಿನ ಹಳದಿ. ವರ್ಷಗಳು ಕಳೆದಂತೆ ಕಂದಾಗುತ್ತದೆ. ಆಗ ಮೇಲ್ನೋಟಕ್ಕೆ ಬೇರೆ ಮರದ ಹಾಗೆ ಕಂಡರೂ ಕಾಣದ ಜಾಗದಲ್ಲಿ ಉಜ್ಜಿದರೆ ಹಳದಿ ಬಣ್ಣ ಮತ್ತೆ ಹೊರಬರುತ್ತದೆ. ವೀಣೆ, ಮೃದಂಗಗಳಿಗೆ ಹಲಸೇ ಬೇಕು.

ಹುಣಸೆ ಬಹಳ ಗಟ್ಟಿ, ಭಾರ. ಒನಕೆಗೆ, ಕೊಚ್ಚುವ ದಿಮ್ಮಿಗೆ ಅದನ್ನು ಹುಡುಕಿ ತರುತ್ತಿದ್ದದ್ದು ಏಟಿಗೆ ಬೇಗ ಸೀಳುವುದಿಲ್ಲ ಎಂದು.

ಸಿಲ್ವರ್ ಓಕ್ ಆಸ್ಟ್ರೇಲಿಯದಿಂದ ಬಂದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿನ ಮರವಾಗಿ ನೆಲೆಸಿದ್ದು. ಇದರ ಮೈಮೇಲೆ ಜಾಲರಿ ಹೆಣೆದಂಥ ಹೊಳೆಯುವ ಮಚ್ಚೆಗಳು. ನೋಡಲು ಚೆಂದ.

ರಬ್ಬರ್ ಮರ ಬಿಳಿಚು, ತಿಳಿಗೆನೆಯ ಬಣ್ಣ. ಹಾಲು ಕೊಡುವುದು ನಿಂತ ಮೇಲೆ ಕಡಿದ ಮರಗಳಿವು. ಔಷಧ ಹಾಕಿ ಹದ ಮಾಡದಿದ್ದರೆ ಹುಳ, ಬೂಷ್ಟು ಬೇಗ ಹಿಡಿಯುತ್ತದೆ. ಪೈನ್ ಮೆದು ಮರ, ಉಗುರು ಒತ್ತಿದರೆ ಗುರುತು ಬೀಳುತ್ತದೆ, ರಾಳದ ವಾಸನೆ ಇರುತ್ತದೆ. ಇವೆರಡಕ್ಕೂ ಕಪ್ಪು ಕಂದು ಬಳಿದು ದೊಡ್ಡ ಹೆಸರಿಟ್ಟು ಮಾರುವುದು ಸುಲಭ. ಆದ್ದರಿಂದಲೇ ಬೋರಲು ಹಾಕಿ ನೋಡಿ ಅಂದದ್ದು.

ಮಗುವಿನ ಬಾಯಿಗೆ ಹೋಗುವ ಗಿಲಕಿ

ಬೆಂಗಳೂರು-ಮೈಸೂರು ದಾರಿಯಲ್ಲಿ ಸಿಗುವ ಚನ್ನಪಟ್ಟಣ ಬೊಂಬೆಗಳ ಊರು. ಇಲ್ಲಿ ಹಿಂದಿನಿಂದ ಬಳಸಿದ ಮರ ಆಲೆ ಮರ. ಎಲೆ ಕಿತ್ತರೆ ಹಾಲು ಸುರಿಯುವ ಸಣ್ಣ ಮರ ಇದು. ಒಳಗೆ ದಂತದಂಥ ಬಿಳುಪು. ರಂಧ್ರಗಳು ಕಣ್ಣಿಗೆ ಕಾಣವು, ಎಳೆ ಒಂದೇ ಸಮ. ಅದರಿಂದಲೇ ಲೇತಿನ ಮೇಲೆ ಸಿಬಿರೇಳದೆ ನುಣ್ಣಗೆ ಬರುತ್ತದೆ. ಈಗ ರಬ್ಬರ್ ಮುಂತಾದ ಮರಗಳನ್ನೂ ಬಳಸುತ್ತಾರೆ.

ಬಣ್ಣ ಹಾಕುವ ರೀತಿಯೂ ನೋಡುವಂಥದ್ದು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಗರಿ ಹಿಡಿದು ಹೊಳಪು ತರುತ್ತಾರೆ. ಕುಂಚದಿಂದ ಬಳಿದ ಪೇಂಟಿಗೂ ಇದಕ್ಕೂ ವ್ಯತ್ಯಾಸ ಗುರುತಿಸಬಹುದು. ಅರಗಿನ ಮೇಲೆ ಕುಂಚದ ಗೆರೆ ಇರುವುದಿಲ್ಲ. ಬುಡದಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ಹಿಡಿದರೆ ಅರಗು ಅಂಟಂಟಾಗುತ್ತದೆ. ಕಾಣುವ ಜಾಗದಲ್ಲಿ ಮಾತ್ರ ಈ ಪರೀಕ್ಷೆ ಮಾಡಬೇಡಿ, ಹೊಳಪು ಹಾಳಾಗುತ್ತದೆ.

ಇಷ್ಟೆಲ್ಲ ಏಕೆಂದರೆ, ಕೂಸು ಗಿಲಕಿಯನ್ನು ಆಡಿಸುವುದಕ್ಕಿಂತ ಕಚ್ಚುವುದೇ ಹೆಚ್ಚು. ಕೆಲವು ಪೇಂಟುಗಳಲ್ಲಿ ಸೀಸ ಇರುತ್ತದೆ. ಅದು ಮಗುವಿನ ಮಿದುಳಿನ ಬೆಳವಣಿಗೆಗೆ ಕೆಡುಕು. 2021ರ ಜನವರಿಯಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಬೊಂಬೆಗಳಿಗೆ ಇದರಿಂದ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ಬೊಂಬೆಯ ಮೇಲೆ ಗುರುತಿಲ್ಲ ಎಂದು ಗಾಬರಿಯಾಗಬೇಡಿ. ಮಾಡಿದವರು ಯಾರು, ಅರಗೋ ಪೇಂಟೋ, ಗಿಡಮೂಲದ ಬಣ್ಣವೋ ಬೇರೆಯೋ ಎಂದು ಕೇಳಿ ಕೊಳ್ಳಿ. ಕೇಳಿದರೆ ಬೇಸರಪಡುವ ಅಂಗಡಿಯನ್ನು ಬಿಟ್ಟು ಮುಂದಿನ ಅಂಗಡಿಗೆ ನಡೆಯಿರಿ.

ಹೊನ್ನೆಯ ಲೋಟ

ಹೊನ್ನೆ ಮರದಲ್ಲಿ ಕಡೆದ ಲೋಟಗಳು ಜಾತ್ರೆಗಳಲ್ಲಿ, ಗ್ರಂದಿಗೆ ಅಂಗಡಿಗಳಲ್ಲಿ ಸಿಗುತ್ತವೆ. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ಮಾರುತ್ತಾರೆ. ಅಸಲಿ ಹೊನ್ನೆಯನ್ನು ಗುರುತಿಸುವುದು ಬಲು ಸೊಗಸು. ರಾತ್ರಿಯ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಹಿಂದೆ ಕಪ್ಪು ಬಟ್ಟೆ ಹಿಡಿದು ಬಿಸಿಲಿನಲ್ಲಿ ನೋಡಿ. ನೀರು ಹೊಂಗಂದು, ಅಂಚಿನಲ್ಲಿ ನವಿಲಿನ ಕೊರಳಿನಂಥ ನೀಲಿ ಛಾಯೆ. ಬಣ್ಣ ಬಳಿದ ಬೇರೆ ಮರದ ಲೋಟ ಬರೀ ಕಂದು ನೀರು ಕೊಡುತ್ತದೆ.

ಇಂಥದ್ದೇ ನೀಲಿ ಬಿಡುವ ಮರದ ಬಟ್ಟಲುಗಳು ಯೂರೋಪಿನ ಜನರನ್ನೂ ಬೆರಗುಗೊಳಿಸಿದ್ದವು. ಅವು ಅಮೆರಿಕ ಖಂಡದಿಂದ, ಫಿಲಿಪೀನ್ಸಿನಿಂದ ಹೋಗುತ್ತಿದ್ದವು. ಫಿಲಿಪೀನ್ಸಿನ ಮರ ನಮ್ಮ ಹೊನ್ನೆಗೆ ದಾಯಾದಿ. ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ ಆ ಬಗೆಯ ನೀರಿಗೆ ಹುಳಿ ಹಾಕಿದರೆ ನೀಲಿ ಮಾಯವಾಗುತ್ತದೆ, ಕ್ಷಾರ ಹಾಕಿದರೆ ಮತ್ತೆ ಬರುತ್ತದೆ ಎಂದು ಕಂಡು 1664ರಲ್ಲೇ ಬರೆದಿಟ್ಟ.

ಆದರೆ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಲೋಟ ಅಸಲಿಯಾದ ಮಾತ್ರಕ್ಕೆ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ನೀರು ಕುಡಿಯುವವರು ಅದನ್ನೂ ಡಾಕ್ಟರಿಗೆ ತಿಳಿಸಿ, ರಕ್ತ ಪರೀಕ್ಷೆ ತಪ್ಪಿಸದೆ ಮಾಡಿಸಿಕೊಳ್ಳಿ. ನೀಲಿ ಬಣ್ಣ ಮರ ಯಾವುದೆಂದು ಹೇಳುತ್ತದೆ, ನಿಮ್ಮ ಸಕ್ಕರೆ ಎಷ್ಟೆಂದು ಹೇಳುವುದಿಲ್ಲ.

ಹಳೆಯದನ್ನು ಕೊಡುವ ಮುನ್ನ

ಮನೆ ಬದಲಿಸುವಾಗ, ಅಡುಗೆಮನೆ ಹೊಸದು ಮಾಡಿಸುವಾಗ ಹಳೆಯ ಮರದ ಸಾಮಾನು ನಮಗೆ ಭಾರ. ಆಗಲೇ ಕೊಳ್ಳುವವರು ಬಾಗಿಲಿಗೆ ಬರುವುದು. ನಮ್ಮ ಅತ್ತೆಯವರ ಕಾಲದ ಒಂದು ಮಂಚ ಇತ್ತು. ಕಡೆದ ಗುಂಡುಕಾಲಿನದು, ಹೊಗೆ ಹಿಡಿದು ಕರ್ರಗಾಗಿತ್ತು. ನೋಡಲು ಬಂದವನು "ಕಾಡುಮರ ತಾಯಿ, ಸೌದೆ ರೇಟಿಗೆ ತಗೋತೀನಿ" ಅಂದ. ಅತ್ತೆಯವರು, "ಇರಪ್ಪ, ಬಡಗೀನ ಕರೆಸಿ ಕೇಳ್ತೀನಿ" ಅಂದರು. ಬಡಗಿ ಕಾಲಿನ ಅಡಿಯಿಂದ ಕಾಗದದಷ್ಟು ತೆಳು ಎಸಳು ತೆಗೆದ. ಒಳಗೆ ನೇರಳೆ ಕಂದು, ಕಪ್ಪು ಗೆರೆ, ಅಚ್ಚ ಬೀಟೆ. ಅಷ್ಟರಲ್ಲಿ ಕೊಳ್ಳಲು ಬಂದವನು ಆಗಲೇ ಗೇಟು ದಾಟಿದ್ದ. ಅತ್ತೆಯವರು ಸೆರಗಿಗೆ ಕೈ ಒರೆಸಿಕೊಂಡು, "ಅವನಿಗೆ ಮೊದಲೇ ಗೊತ್ತಿತ್ತು ಕಣಮ್ಮ, ಗೊತ್ತಿಲ್ಲದೆ ಇದ್ದದ್ದು ನಮಗೇ" ಅಂದರು.

ಹಳೆಯ ಮರಕ್ಕೆ ಬೆಲೆ ಇರುವುದು ಹೆಸರಿಗಷ್ಟೇ ಅಲ್ಲ. ಹತ್ತಾರು ವರ್ಷ ಒಣಗಿ ಹದಗೊಂಡ ಮರ ಮತ್ತೆ ಡೊಂಕಾಗುವುದು, ಬಿರಿಯುವುದು ಕಡಿಮೆ. ತಮಿಳುನಾಡಿನ ಕುಂಭಕೋಣದ ಹತ್ತಿರದ ನರಸಿಂಗಂಪೇಟೆಯಲ್ಲಿ ನಾಗಸ್ವರ ಮಾಡುವವರು ಹಳೆಯ ಮನೆಗಳಿಂದ ಬಿಚ್ಚಿದ ಆಚ್ಚಾ ಮರವನ್ನೇ ಹುಡುಕಿ ತಂದು ಕಡೆಯುತ್ತಾರೆ. ಮುರಿದ ತೊಟ್ಟಿಲಾದರೂ ಸರಿ, ಮರ ಯಾವುದೆಂದು ತಿಳಿದ ಮೇಲೆ ಕೊಡುವುದೋ ಇಟ್ಟುಕೊಳ್ಳುವುದೋ ಯೋಚಿಸಿ.

ದೊಡ್ಡ ಮೊತ್ತದ ವಿಷಯವಾದರೆ ಕಣ್ಣಂದಾಜು ಸಾಲದು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾಗಿ 1988ರಲ್ಲಿ ಈ ಸಂಸ್ಥೆಯಾಯಿತು. ಮರದ ಸಣ್ಣ ತುಂಡು ಕೊಟ್ಟರೆ ಶುಲ್ಕ ಪಡೆದು, ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಮರವೆಂದು ಹೇಳುತ್ತಾರೆ. ಮನೆ ಕಟ್ಟಿಸುವವರು ಬಾಗಿಲು, ಕಿಟಕಿಯ ಮರಕ್ಕೂ ಇದನ್ನು ಮಾಡಿಸಬಹುದು.

ಮರದ ಆರೈಕೆ

ಮರದ ಅಡುಗೆ ಸಾಮಾನನ್ನು ನೀರಿನಲ್ಲಿ ನೆನೆಹಾಕಬೇಡಿ. ತೊಳೆದು ತಕ್ಷಣ ಒರೆಸಿ ನೆರಳಿನಲ್ಲಿ ಒಣಗಿಸಿ. ತಿಂಗಳಿಗೊಮ್ಮೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಒಣಬಟ್ಟೆಯಿಂದ ಉಜ್ಜಿ. ಹೊಸ ಲಟ್ಟಣಿಗೆ ಕೊಳ್ಳುವಾಗ ಥಳಥಳ ಪಾಲಿಶ್ ಇರುವುದಕ್ಕಿಂತ ಬರೀ ಮರದ್ದೇ ಮೇಲು. ಪಾಲಿಶ್ ಸುಲಿದರೆ ಹೋಗುವುದು ನಮ್ಮ ಹಿಟ್ಟಿಗೇ. ಅರಗಿನ ಬೊಂಬೆಗಳಿಗೆ ಬಿಸಿನೀರು, ಬಿಸಿಲು ಎರಡೂ ಆಗವು. ಒಣಬಟ್ಟೆಯಿಂದ ಒರೆಸಿದರೆ ಸಾಕು.

ಇವತ್ತು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಭೂತಗನ್ನಡಿ ಹಿಡಿದು ನಿಮ್ಮ ಲಟ್ಟಣಿಗೆಯ ತುದಿಯಿಂದಲೇ ಶುರುಮಾಡಿ. ಮಕ್ಕಳನ್ನೂ ಕರೆದು ತೋರಿಸಿ. ನಾಲ್ಕು ಸಾಮಾನು ನೋಡುವಷ್ಟರಲ್ಲಿ ಕಣ್ಣು ಪಳಗುತ್ತದೆ. ಮುಂದಿನ ಸಲ ಅಂಗಡಿಯವರು "ಅಸಲಿ ಬೀಟೆ ಅಮ್ಮಾ" ಅಂದಾಗ, "ಎಲ್ಲಿ, ಬುಡ ತೋರಿಸಿ ನೋಡೋಣ" ಅನ್ನಿ.